ಅಭಿಮಾನಭಂಗವೂ ಭೃತ್ಯಾಚಾರವೂ

ಪಂಚಾಚಾರಗಳಲ್ಲಿ ಭೃತ್ಯಾಚಾರವು ಕೇಳುವುದಕ್ಕೆ ಸುಲಭ, ಆಚರಣೆಗೆ ಅತಿ ಕಠಿನ. ಲಿಂಗಪೂಜೆಯನ್ನು ತಪ್ಪದೆ ನಡೆಸುವ, ದಾಸೋಹಕ್ಕೆ ಹಿಂಜರಿಯದ ಸದ್ಭಕ್ತನೂ ಸಹ, ಮಿತ್ರನ ಒಂದು ಮಾತಿನಿಂದ ಅಭಿಮಾನಕ್ಕೆ ಪೆಟ್ಟು ಬಿದ್ದೊಡನೆ, ತಾನು ಶರಣರ ಭೃತ್ಯನೆಂಬುದನ್ನು ಮರೆತುಬಿಡುತ್ತಾನೆ. ಅಷ್ಟಮದಗಳಲ್ಲೊಂದಾದ ಛಲಮದವು ಆಗ ತಲೆಯೆತ್ತುವುದು.

ಹಾಗೆ ನೊಂದವನು ಮೊದಲು ಹೋಗುವುದು ಇಬ್ಬರಿಗೂ ಬೇಕಾದ ಮೂರನೆಯ ಮಿತ್ರನ ಮನೆಗೆ. "ನೀವೇ ಹೇಳಿರಿ, ತಪ್ಪು ಯಾರದು?" ಎಂದು ಜಗಳವನ್ನೆಲ್ಲ ವಿವರಿಸುವನು. ಇದು ನ್ಯಾಯವನ್ನು ಕೇಳಿದಂತೆ ತೋರಿದರೂ ನಿಜದಲ್ಲಿ ತನಗೊಬ್ಬ ಸಾಕ್ಷಿಯನ್ನು ಕೂಡಿಸಿಕೊಳ್ಳುವ ಯತ್ನ. ಎದುರಿನವನು ಆಡಿದ ನುಡಿ ಅಕ್ಷರಕ್ಷರವಾಗಿ ನೆನಪಿರುವುದು. ತಾನು ಆಡಿದುದು ಮಾತ್ರ ಮರೆತಿರುವುದು.

ಇಂತಹ ಮನೋವ್ಯಥೆ ಶರಣರನ್ನೂ ಬಿಡಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯನು ತ್ರಿಪುರಾಂತಕನ ಮುಂದೆ ಕಿನ್ನರಿ ನುಡಿಸಿ, ದೊರೆತ ಹೊನ್ನಿನಿಂದ ದಾಸೋಹವನ್ನು ನಡೆಸುತ್ತಿದ್ದನು. ಒಮ್ಮೆ ಆತನ ಮನೆಯ ಉಳ್ಳಿಯ ವಾಸನೆಗೆ ಬಸವಣ್ಣನವರು ಅಸಹ್ಯಪಟ್ಟರೆಂದೂ, ನೊಂದ ಬೊಮ್ಮಯ್ಯನು ಕಲ್ಯಾಣವನ್ನೇ ತೊರೆದು ಹೊರಟನೆಂದೂ ಶರಣಚರಿತ್ರೆಗಳು ಹೇಳುತ್ತವೆ. ವಿಷಯ ಒಂದು ಉಳ್ಳಿಯಷ್ಟು ಸಣ್ಣದು. ಆದರೆ ಶರಣರಿಗೆ ಬಡಿಸಲು ಭಕ್ತಿಯಿಂದ ಅಣಿಮಾಡಿದ ಪದಾರ್ಥವನ್ನು ಹಳಿದಾಗ, ಮಾಡಿದವನ ಭಕ್ತಿಯನ್ನೇ ಹಳಿದಂತಾಗುವುದು.

ಬಸವಣ್ಣನವರು ಬಿಜ್ಜಳರಾಯನ ಆಸ್ಥಾನದಲ್ಲಿ ಉನ್ನತಪದವಿಯಲ್ಲಿದ್ದವರು. ಇಷ್ಟಕ್ಕೆಲ್ಲ ಮುನಿಯಬಹುದೇ ಎಂದು ನಾಲ್ಕು ಜನರ ಮುಂದೆ ಕೇಳಿದ್ದರೆ ಎಲ್ಲರೂ ಅವರ ಪರವಾಗಿಯೇ ನುಡಿಯುತ್ತಿದ್ದರೇನೋ! ಅವರು ಹಾಗೆ ಮಾಡಲಿಲ್ಲ. ತಾವು ಹಳಿದ ಉಳ್ಳಿಯನ್ನೇ ಉತ್ಸವದಿಂದ ಮೆರೆಸಿ, ಶರಣರೊಡನೆ ತಾವೇ ನಡೆದುಹೋಗಿ, ಬೊಮ್ಮಯ್ಯನನ್ನು ಮರಳಿ ಕರೆತಂದರು. ಗಾಯವೆಷ್ಟು ದೊಡ್ಡದೆಂದು ಹೇಳಬೇಕಾದವನು ನೊಂದವನೇ ಹೊರತು ನೋಯಿಸಿದವನಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು.

ಆದುದರಿಂದ ಗೃಹಸ್ಥರು ಎರಡು ಸಂಗತಿಗಳನ್ನು ಮನಗಾಣತಕ್ಕದ್ದು. ಮಿತ್ರನೊಡನೆ ಮನಸ್ತಾಪ ಬಂದು ಮತ್ತೊಬ್ಬರಲ್ಲಿ ಹೇಳಿಕೊಳ್ಳಲೇಬೇಕಾದರೆ, ತಾನಾಡಿದ ಮಾತನ್ನು ಮೊದಲು ಹೇಳಲಿ. ತನಗಾದ ನೋವನ್ನು ಆಮೇಲೆ ಹೇಳಲಿ. ತೀರ್ಪನ್ನು ಮಾತ್ರ ಬೇಡದಿರಲಿ. ಕೇಳುವವನಾದರೋ ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯದಿರಲಿ. "ಏಳಿರಿ, ಅವರ ಮನೆಗೆ ಇಬ್ಬರೂ ಹೋಗಿಬರೋಣ" ಎಂದು ಕೈಹಿಡಿದು ಎಬ್ಬಿಸಲಿ. ಕಲ್ಯಾಣದ ಶರಣರು ಬಸವಣ್ಣನವರೊಡನೆ ಹೆಜ್ಜೆ ಹಾಕಿದುದು ಹೀಗೆಯೇ.

ಮುನಿದವನ ಬಾಗಿಲಿಗೆ ತಾನಾಗಿ ಹೋಗಿ ನಿಲ್ಲುವುದರಿಂದ ಯಾರ ಮಾನವೂ ಕುಂದುವುದಿಲ್ಲ. ಕುಂದುವುದು ಮದ; ಉಳಿಯುವುದು ಸ್ನೇಹ. ಅದೇ ಭೃತ್ಯಾಚಾರದ ಫಲ.