ಯಾರ ಮನೆಗೆ?

ಬೆಂಗಳೂರಿನಿಂದ ಸುತ್ತಲ ಹಳ್ಳಿಗಳ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತು, ಊರಿನ ಗದ್ದಲ ಹಿಂದೆ ಸರಿದ ಮೇಲೆ, ಪಕ್ಕದವರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಯಾರ ಮನೆಗೆ ಹೋಗ್ಬೇಕು ಸ್ವಾಮಿ?" ನನ್ನ ಹೆಗಲಿನ ಚೀಲವನ್ನೂ ಕ್ಯಾನ್‌ವಾಸ್ ಬೂಟನ್ನೂ ಒಮ್ಮೆ ನೋಡಿಯೇ ಅವರು ಈ ಪ್ರಶ್ನೆ ಕೇಳುತ್ತಾರೆ. "ಯಾರ ಮನೆಗೂ ಇಲ್ಲ, ಬೆಟ್ಟ ಹತ್ತೋಣ ಅಂತ" ಎನ್ನುತ್ತೇನೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿ ಏನೈತೆ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅವರ ಊರು ಬಂದಿರುತ್ತದೆ.

ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಟ್ಟಿಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಭಾನುವಾರಗಳಂದು ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಕಾರಿಲ್ಲ, ಸಂಬಳ ಸಾಲದೆಂದಲ್ಲ, ಈ ಊರಿನಲ್ಲಿ ಅದನ್ನು ಓಡಿಸುವ ಧೈರ್ಯವಿಲ್ಲ. ಆದ್ದರಿಂದ ಬಸ್ಸು ಮತ್ತು ರೈಲು ಎಲ್ಲಿಗೆ ಒಯ್ಯುತ್ತವೆಯೋ ಅಲ್ಲಿಗೆ ನನ್ನ ಸಂಚಾರ. ಮಾಗಡಿಯ ಬಸ್ಸು ಹಿಡಿದರೆ ಸಾವನದುರ್ಗ. ತುಮಕೂರಿನ ಬಸ್ಸಿನಲ್ಲಿ ದಾಬಸ್‌ಪೇಟೆಯಲ್ಲಿ ಇಳಿದರೆ ಶಿವಗಂಗೆ. ಮೈಸೂರಿನ ರೈಲಿನಲ್ಲಿ ರಾಮನಗರ. ಹಿಂದೂಪುರದ ಕಡೆಯ ಪ್ಯಾಸೆಂಜರಿನಲ್ಲಿ ದೊಡ್ಡಬಳ್ಳಾಪುರ ದಾಟಿದರೆ ಮಾಕಳಿದುರ್ಗ. ಈ ಬಂಡೆಗುಡ್ಡಗಳು ನಮ್ಮ ಊರಿನ ಸುತ್ತ ಇಲ್ಲದಿದ್ದರೆ ನಾನು ಇಷ್ಟು ವರ್ಷ ಪಾಠ ಹೇಳಿಕೊಂಡು ಇರುತ್ತಿದ್ದೆನೋ ಇಲ್ಲವೋ.

ಶಿವಗಂಗೆಯ ಬಸ್ಸಿನಲ್ಲಿ ಮಾತ್ರ ಈ ಪ್ರಶ್ನೆ ಹುಟ್ಟುವುದಿಲ್ಲ. ಅಲ್ಲಿ ಎಲ್ಲರೂ ಒಂದೇ ಮನೆಗೆ ಹೋಗುವವರು. ಗಂಗಾಧರೇಶ್ವರನ ಅಭಿಷೇಕಕ್ಕೆ ಕೊಟ್ಟ ತುಪ್ಪ ಬೆಣ್ಣೆಯಾಗುತ್ತದೆಂದು ನಂಬಿದವರು, ಒಳಕಲ್ಲು ತೀರ್ಥದ ತೂತಿನಲ್ಲಿ ಕೈಯಿಟ್ಟು ನೀರು ಸಿಕ್ಕೀತೇ ಎಂದು ಪುಣ್ಯಪರೀಕ್ಷೆ ಮಾಡಿಕೊಳ್ಳುವವರು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾದ ಮೇಲಂತೂ ಆ ಬಸ್ಸಿನಲ್ಲಿ ನಾನು ನಿಂತೇ ಹೋಗುತ್ತಿದ್ದೇನೆ. ಅವರೆಲ್ಲ ಕರೆದವನೊಬ್ಬನ ಮನೆಗೆ ಹೋಗುತ್ತಿದ್ದಾರೆ. ನನ್ನನ್ನು ಯಾರೂ ಕರೆದಿಲ್ಲ.

ತರಗತಿಯಲ್ಲಿ ನಾನೇ ಹೇಳುವ ಮಾತೊಂದಿದೆ. ‘ಅತಿಥಿ’ ಎಂದರೆ ತಿಥಿ ಇಲ್ಲದವನು, ಇಂಥ ದಿನ ಬರುತ್ತೇನೆಂದು ಗೊತ್ತುಮಾಡದೆ ಬರುವವನು ಎಂದು ಹಿಂದಿನವರು ಅರ್ಥ ಹೇಳಿದ್ದಾರೆ. ಆ ಲೆಕ್ಕದಲ್ಲಿ ಬೆಟ್ಟ ಹತ್ತುವ ನಾವು ಅತಿಥಿಗಳೂ ಅಲ್ಲ. ನಮಗೆ ತಿಥಿ ಉಂಟು, ಅದು ಭಾನುವಾರ. ಹಾಗಾದರೆ ನಾವು ಯಾರು? ಹಳ್ಳಿಯವರ ಹೊಲದ ಅಂಚಿನಲ್ಲಿ, ಅವರ ಬಾವಿಯ ಪಕ್ಕದಲ್ಲಿ, ಅವರ ದನ ಮೇಯುವ ಗೋಮಾಳದಲ್ಲಿ ಹಾದುಹೋಗಲು ನಮಗೆ ಏನು ಹಕ್ಕು?

ಹಕ್ಕು ಎಂದೊಡನೆ ಇಂಗ್ಲೆಂಡಿನವರು ನೆನಪಾಗುತ್ತಾರೆ. ನಮ್ಮಂತೆ ಭಾನುವಾರದ ತಿರುಗಾಟಗಾರರೇ ಅಲ್ಲಿ ಈ ಪ್ರಶ್ನೆಯನ್ನು ಹಿಡಿದು ಹೋರಾಡಿದರು. ಮ್ಯಾಂಚೆಸ್ಟರಿನ ಕಾರ್ಖಾನೆಗಳಲ್ಲಿ ವಾರವೆಲ್ಲ ದುಡಿಯುವ ಹುಡುಗರಿಗೆ ಊರಿನ ಹೊಗೆಯಿಂದ ಅಷ್ಟೇನೂ ದೂರವಲ್ಲದ ಕಿಂಡರ್ ಸ್ಕೌಟ್ ಎಂಬ ಗುಡ್ಡ ಕಾಣುತ್ತಿತ್ತು. ಆದರೆ ಅದು ಡೆವನ್‌ಶೈರಿನ ಡ್ಯೂಕನ ಆಸ್ತಿ. ಅಲ್ಲಿ ಹಕ್ಕಿಗಳನ್ನು ಬೇಟೆಗಾಗಿ ಕಾಪಾಡಿ ಇಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಮಂದಿ ಕಾವಲುಗಾರರನ್ನು ಲೆಕ್ಕಿಸದೆ ಆ ಗುಡ್ಡ ಹತ್ತಿದರು. ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ತರುಣ ಅವರ ಮುಂದಾಳು. ಅವನೂ ಸೇರಿ ಐವರಿಗೆ ಜೈಲಾಯಿತು. ಆ ಗುಡ್ಡಗಳಿರುವ ಪ್ರದೇಶ 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾನೂನು ಅಂಥ ಬಯಲು ಗುಡ್ಡಗಳಲ್ಲಿ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. 2002ರಲ್ಲಿ ಅಂದಿನ ಡ್ಯೂಕನು ತನ್ನ ಅಜ್ಜ ಮಾಡಿದ್ದು ತಪ್ಪೆಂದು ಬಹಿರಂಗವಾಗಿ ಕ್ಷಮೆ ಕೇಳಿದನು.

ಈ ಕಥೆ ಓದಿದಾಗ ನನಗೆ ಮೈ ಪುಲಕಗೊಂಡಿತ್ತು. ಭೂಮಿ ಎಲ್ಲರದು ಎಂದು ವಿದ್ಯಾರ್ಥಿಗಳೆದುರು ದೊಡ್ಡ ಭಾಷಣವನ್ನೇ ಮಾಡಿದ್ದೆ. ಆದರೆ ಅಲ್ಲಿ ಗೇಟಿನ ಹೊರಗೆ ನಿಂತವನು ಬಡವ, ಒಳಗಿದ್ದವನು ಧನಿಕ. ಇಲ್ಲಿ ಹಾಗಲ್ಲ. ಒಂದೂವರೆ ಎಕರೆ ರಾಗಿ ಹೊಲದವನ ಮುಂದೆ ತಿಂಗಳ ಸಂಬಳದ ಮೇಷ್ಟ್ರು ನಿಂತು ‘ಭೂಮಿ ಎಲ್ಲರದು’ ಎಂದರೆ ಆ ಮಾತಿನ ಅರ್ಥ ಪೂರ್ತಿ ತಿರುಗಿಬಿಡುತ್ತದೆ. ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ.

ಏಳೆಂಟು ವರ್ಷದ ಹಿಂದೆ ನವೆಂಬರಿನ ಒಂದು ಭಾನುವಾರ ಆರು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಮಾಕಳಿದುರ್ಗಕ್ಕೆ ಹೋಗಿದ್ದೆ. ಅಲ್ಲಿ ರೈಲು ನಿಲ್ಲುವುದು ಬೆಟ್ಟದ ಬುಡದಲ್ಲೇ. ಮೇಲೆ ಹಾಳುಕೋಟೆ, ಒಂದು ಶಿವನ ಗುಡಿ, ಕೆಳಗೆ ಬೆಟ್ಟಗಳ ನಡುವೆ ಹಾವಿನಂತೆ ಹೊರಳುವ ರೈಲುದಾರಿ. ನೋಡುತ್ತ ಕುಳಿತು ಹೊತ್ತು ಹೋದದ್ದು ತಿಳಿಯಲಿಲ್ಲ. ಇಳಿಯುವಾಗ ದಾರಿ ತಪ್ಪಿ ಬೇರೆ ಮಗ್ಗುಲಿಗೆ ಬಂದೆವು. ಸಂಜೆಯ ರೈಲಿಗೆ ಹೆಚ್ಚು ಹೊತ್ತಿರಲಿಲ್ಲ. ನಮಗೂ ನಿಲ್ದಾಣಕ್ಕೂ ನಡುವೆ ಒಂದು ರಾಗಿ ಹೊಲ.

ತೆನೆ ಬಲಿತು ಕುಯಿಲಿಗೆ ಬಂದಿತ್ತು. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹೂ ಬಿಟ್ಟಿತ್ತು. ಬದುವಿನ ಮೇಲೆ ಹೋದರೆ ಸುತ್ತು. ಅಡ್ಡ ಹಾಯ್ದರೆ ಐದು ನಿಮಿಷ. "ಒಬ್ಬರ ಹಿಂದೆ ಒಬ್ಬರು ಬನ್ನಿ, ಹೆಚ್ಚು ತುಳಿಯಬೇಡಿ" ಎಂದು ಹೇಳಿ ನಾನೇ ಮುಂದೆ ನಡೆದೆ. ಏಳು ಜನ ಒಂದೇ ಸಾಲಿನಲ್ಲಿ ನಡೆದರೂ ಏಳು ಜನವೇ. ಅರ್ಧ ದಾರಿಯಲ್ಲಿ ತಲೆಯೆತ್ತಿ ನೋಡಿದರೆ ಆಚೆಯ ಬದುವಿನ ಮೇಲೆ ಕುಡುಗೋಲು ಹಿಡಿದ ಮುದುಕನೊಬ್ಬ ನಿಂತಿದ್ದಾನೆ.

ಅವನು ಕೂಗಲಿಲ್ಲ. ನಾವು ಹತ್ತಿರ ಬರುವವರೆಗೂ ನೋಡುತ್ತ ನಿಂತ. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನು ಬಾಯಿ ತೆರೆಯುವ ಮೊದಲೇ ಜೇಬಿನಿಂದ ನೂರು ರೂಪಾಯಿಯ ನೋಟು ತೆಗೆದು, "ತಪ್ಪಾಯಿತು ಯಜಮಾನರೇ, ರೈಲಿಗೆ ಹೊತ್ತಾಯಿತು" ಎಂದು ಅವನ ಕೈಗೆ ತುರುಕಿದೆ. ಅವನು ನೋಟನ್ನು ನೋಡಿದ, ನನ್ನನ್ನು ನೋಡಿದ. ಅದನ್ನು ಮಡಿಸಿ ಟವೆಲ್ಲಿನ ತುದಿಗೆ ಕಟ್ಟಿಕೊಂಡು, "ಆ ಹುಣಸೆಮರದ ಪಕ್ಕ ಕಾಲುದಾರಿ ಐತೆ, ಓಗಿ, ರೈಲು ಸಿಗ್ತದೆ" ಎಂದ. ನಾವು ಓಡುತ್ತ ಹಿಂತಿರುಗಿ ನೋಡಿದಾಗ ಅವನು ಬಗ್ಗಿ, ಬಿದ್ದ ಪೈರನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದ. ನಿಂತದ್ದು ಮತ್ತೆ ಬೀಳುತ್ತಿತ್ತು.

ರೈಲು ಸಿಕ್ಕಿತು. ಹುಡುಗರು ಹಾಡತೊಡಗಿದರು. ನನಗೂ ಮನಸ್ಸು ಹಗುರವಾಗಿತ್ತು. ಕೊಟ್ಟದ್ದು ನಷ್ಟಕ್ಕಿಂತ ಕಡಿಮೆಯೇನಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಯೂ ಆಗಿತ್ತು. ಎದುರಿಗೆ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಮಾತ್ರ ಹಾಡಲಿಲ್ಲ. ಅವಳದು ರೈತರ ಮನೆ. ಯಲಹಂಕ ಬರುವ ಹೊತ್ತಿಗೆ ಮೆಲ್ಲಗೆ ಹೇಳಿದಳು: "ನಮ್ಮಪ್ಪ ಆಗಿದ್ದಿದ್ರೆ ಚೆನ್ನಾಗಿ ಬೈದಿರೋರು ಸಾರ್. ನೀವು ಬೈಯೋಕೆ ಬಿಡ್ಲೇ ಇಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ನೂರು ರೂಪಾಯಿ ಕೊಟ್ಟದ್ದು ರಾಗಿಗಲ್ಲ. ಹಾಗಿದ್ದರೆ ಎಷ್ಟು ಹಾಳಾಯಿತು ಎಂದು ನಿಂತು ಅವನನ್ನೇ ಕೇಳಬೇಕಾಗಿತ್ತು. ನಾನು ಕೊಂಡದ್ದು ಅವನ ಕೋಪವನ್ನು. ಜುಲೈ ಆಗಸ್ಟಿನಲ್ಲಿ ಕೂರಿಗೆ ಹೂಡಿ ಬಿತ್ತಿದವನಿಗೆ, ಮೋಡ ನೋಡುತ್ತ ನಾಲ್ಕು ತಿಂಗಳು ಕಾದವನಿಗೆ, ಅದನ್ನು ತುಳಿದವನ ಮುಖ ನೋಡಿ ನಾಲ್ಕು ಮಾತು ಆಡುವ ಹಕ್ಕಿತ್ತು. ಹಣ ಹಿಡಿದ ಕೈಯಿಂದ ಬೈಯಲಾಗುವುದಿಲ್ಲ. ಬಡವನಾದ್ದರಿಂದ ಅದನ್ನು ಹಿಂದಕ್ಕೆ ಎಸೆಯಲೂ ಆಗಲಿಲ್ಲ. ನನ್ನ ಕ್ಷಮೆಯ ಮಾತು ಪ್ರಾಮಾಣಿಕವಾಗಿಯೇ ಇತ್ತು, ಆದರೆ ಆ ನೋಟು ಅದಕ್ಕಿಂತ ಮೊದಲೇ ಅವನ ಕೈ ಸೇರಿತ್ತು.

ಹಣ ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಎಳನೀರು ಕುಡಿದರೆ ಹಣ ಕೊಡಬೇಕು, ಪುಣ್ಯಾತ್ಮರು ಕೆಲವರು ಅಲ್ಲೂ ಚೌಕಾಸಿ ಮಾಡುತ್ತಾರೆ. ಆದರೆ ಮಾರಾಟಕ್ಕಿಟ್ಟದ್ದಕ್ಕೆ ಬೆಲೆ ಕೊಡುವುದು ಬೇರೆ, ಮಾರಾಟಕ್ಕೇ ಇಡದಿದ್ದುದಕ್ಕೆ ಬೆಲೆ ಎಸೆಯುವುದು ಬೇರೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ನೆರೆದ ಮೇಲೆ ಸರ್ಕಾರ ಎಚ್ಚೆತ್ತು, ಅನೇಕ ಬೆಟ್ಟಗಳಿಗೆ ಮೊದಲೇ ಹೆಸರು ನೋಂದಾಯಿಸಿ ಶುಲ್ಕ ಕಟ್ಟಿ ಹೋಗುವ ಕ್ರಮವನ್ನು ಬಿಗಿಮಾಡಿತು. ಒಳ್ಳೆಯದೇ ಆಯಿತು. ಆದರೆ ಆ ಚೀಟಿ ಬೆಟ್ಟದ್ದು. ಬೆಟ್ಟದ ಬುಡದವರೆಗಿನ ಹೊಲದ್ದಲ್ಲ. ಚೀಟಿ ಜೇಬಿನಲ್ಲಿದ್ದರೆ ಋಣವೆಲ್ಲ ತೀರಿತೆಂಬ ಭಾವನೆ ಬಂದುಬಿಡುತ್ತದೆ, ಅದೇ ನನಗೆ ಭಯ.

ಮರುವರ್ಷ ಕುಯಿಲಿನ ಕಾಲಕ್ಕೆ ಒಬ್ಬನೇ ಹೋದೆ. ಬೆಟ್ಟ ಹತ್ತಲು ಅಲ್ಲ. ರೈಲಿನಿಂದ ಇಳಿದೊಡನೆ ಕುರಿ ಕಾಯುವವನೊಬ್ಬ ಕೇಳಿದ: "ಯಾರ ಮನೆಗೆ?" ಈ ಬಾರಿ ಉತ್ತರವಿತ್ತು; ಆದರೆ ಹೆಸರು ಗೊತ್ತಿರಲಿಲ್ಲ. ಹುಣಸೆಮರ, ರಾಗಿ ಹೊಲ, ಮುದುಕ ಎಂದೆಲ್ಲ ವರ್ಣಿಸಿದೆ. ಅವನು ತೋರಿಸಿದ ಮನೆಯಲ್ಲಿ ಯಜಮಾನ ಇರಲಿಲ್ಲ, ಗೌರಿಬಿದನೂರಿಗೆ ಮಗಳ ಮನೆಗೆ ಹೋಗಿದ್ದ. ಅವನ ಹೆಂಡತಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

ನಡೆದದ್ದನ್ನು ಹೇಳಿದೆ. ಆಕೆ ಕೆಲಸ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓದಿದೋರು, ಮಕ್ಕಳಿಗೆ ಬುದ್ಧಿ ಯೇಳೋರು, ಬದ ಕಾಣಾಕಿಲ್ವಾ ಕಣ್ಣಿಗೆ?" ಎಂದು ಆರಂಭಿಸಿದಳು. ಅದು ಸಾಕಷ್ಟು ಹೊತ್ತು ನಡೆಯಿತು. ಅಕ್ಕಪಕ್ಕದ ಮನೆಯವರು ಬಂದು ನಿಂತು ಕೇಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಕೊನೆಗೆ, "ಅವತ್ತೇ ನೂರು ರೂಪಾಯಿ ಕೊಟ್ಟುಬಿಟ್ಟೆ ತಾಯಿ, ಅದೂ ತಪ್ಪಾಯಿತು" ಎಂದೆ.

ಆಕೆಯ ಕೈ ನಿಂತಿತು. "ನೂರು ರೂಪಾಯಾ? ಯಾವಾಗ? ನಂಗೆ ಯೇಳ್ಲೇ ಇಲ್ಲ ನೋಡು ಮುದುಕ!"

ಋಣ ತೀರಿಸಲು ಹೋದವನು ಆ ಮನೆಯಲ್ಲಿ ಹೊಸದೊಂದು ಜಗಳಕ್ಕೆ ಬೀಜ ಬಿತ್ತಿ ಎದ್ದೆ. ಸಂಜೆಯಾಗಿತ್ತು. ಬದುವಿನ ಮೇಲೇ ಸುತ್ತಿಕೊಂಡು ನಡೆದೆ. ನಿಲ್ದಾಣ ತಲುಪುವ ಹೊತ್ತಿಗೆ ರೈಲು ಹೋಗಿತ್ತು. ದೊಡ್ಡಬಳ್ಳಾಪುರದ ಬಸ್ಸಿಗಾಗಿ ರಸ್ತೆಯ ಕಡೆ ಹೊರಟೆ.