ಒಳ್ಳೆಯ ಅಡಿಕೆ ಎಂದರೇನು?

ಕೆನಡಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಳೆದ ತಿಂಗಳು ಓದಲೆಂದು ಒಂದು ಬರಹ ಕಳಿಸಿದ. ಅದು ಗಾಂಜಾದ ಒಂದು ತಳಿಯ ವಿಮರ್ಶೆ. ಆ ದೇಶದಲ್ಲಿ 2018ರ ಅಕ್ಟೋಬರ್‌ನಿಂದ ವಯಸ್ಕರು ಅಂಗಡಿಗೆ ಹೋಗಿ ಗಾಂಜಾ ಕೊಳ್ಳಬಹುದು, ಕಾನೂನಿನ ಅಡ್ಡಿಯಿಲ್ಲ. ವಿಮರ್ಶಕ ತನ್ನೂರಿನ ಹತ್ತಿರದ ಬೆಳೆಗಾರನೊಬ್ಬನ ಮಾಲನ್ನು ತಂದು, ಮೊಗ್ಗಿನ ಬಣ್ಣ, ಒಣಗಿಸಿದ ಹದ, ಪೊಟ್ಟಣ ಬಿಚ್ಚಿದಾಗ ಬಂದ ವಾಸನೆ, ಸೇದಿದ ಮೇಲೆ ತಲೆಗೂ ಮೈಗೂ ಆದದ್ದು ಎಲ್ಲವನ್ನೂ ಒಂದೊಂದಾಗಿ ಬರೆದು ಕೊನೆಗೆ ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದ. ಕೆಳಗೆ ತಮ್ಮನ ಒಂದು ಸಾಲು: "ಅಣ್ಣಾ, ನಮ್ಮ ಚನ್ನಗಿರಿ ಅಡಿಕೆ ಬಗ್ಗೆ ನೀನೂ ಹಿಂಗೇ ಒಂದು ಬರಿ. ನಮ್ಮದೂ ಲೀಗಲ್ಲೇ ತಾನೆ?"

ತಮಾಷೆಗೆ ಕೇಳಿದ್ದು, ನಾನೂ ನಕ್ಕು ಸುಮ್ಮನಾದೆ. ಆದರೆ ಅದೇ ವಾರ ಜಗಳೂರಿನ ಹಳ್ಳಿಯೊಂದರಿಂದ ತಂಗಿಯ ಅಳಿಯ ಫೋನ್ ಮಾಡಿದ. ಮೂರು ಎಕರೆ ಮೆಕ್ಕೆಜೋಳದ ಹೊಲ. ಬೋರ್ ಕೊರೆಸಿದ್ದಾನೆ, ಸದ್ಯಕ್ಕೆ ನೀರಿದೆ. "ಮಾವ, ಅಡಿಕೆ ಸಸಿ ಹಾಕ್ಲಾ, ಬ್ಯಾಡ್ವಾ? ನಿಮ್ಮ ಕಡೆಯೋರಿಗೆ ಗೊತ್ತಿರತ್ತೆ" ಅಂದ. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಅಡಿಕೆ ಹೇಗೆ, ಒಳ್ಳೆಯದೋ? ಒಬ್ಬನಿಗೆ ಅದು ಆಟ, ಇನ್ನೊಬ್ಬನಿಗೆ ಜೀವನ.

ಅಡಿಕೆ ನೋಡುವುದು ನನಗೆ ಗೊತ್ತು. ಸೂಳೆಕೆರೆಯ ಆಸುಪಾಸಿನಲ್ಲಿ, ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ತೋಟದ ಮನೆಯವನು ನಾನು. ಗೊನೆ ಇಳಿಸಿ, ಹಸಿ ಅಡಿಕೆ ಸುಲಿದು, ಚೊಗರು ಹಾಕಿ ಬೇಯಿಸಿ, ಅಂಗಳದಲ್ಲಿ ಹರಡಿ ಒಣಗಿಸಿದ ಕೆಂಪಡಿಕೆಯನ್ನು ಅಪ್ಪ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಚೆನ್ನಾಗಿ ಒಣಗಿದ್ದರೆ ಗಲಗಲ ಅನ್ನಬೇಕು. ಆಮೇಲೆ ಅಡಕತ್ತರಿಯಲ್ಲಿ ಒಂದನ್ನು ಸೀಳಿ ಒಳಗಿನ ಬಿಳಿ ಗೆರೆ ನೋಡಬೇಕು, ಹೊರಗಿನ ಹೊಳಪು ಬೇಯಿಸಿದ್ದರಿಂದ ಬಂದದ್ದೋ ಬಣ್ಣ ಬಳಿದದ್ದೋ ಎಂದು ಬೆರಳಿನಲ್ಲಿ ಉಜ್ಜಿ ನೋಡಬೇಕು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಹೆಸರುಗಳು ನಮಗೆ ಮಗ್ಗಿಯ ಜೊತೆಗೇ ಬಂದವು. ಎಳೆಯದನ್ನು ಕೊಯ್ದರೆ ಒಂದು, ತೋಟದಲ್ಲೇ ಹಣ್ಣಾಗಲು ಬಿಟ್ಟರೆ ಇನ್ನೊಂದು. ಇದು ನಿಜವಾದ ವಿದ್ಯೆ. ಕೆನಡಾದ ವಿಮರ್ಶಕನಿಗೆ ತನ್ನ ಮೊಗ್ಗಿನ ಬಗ್ಗೆ ಎಷ್ಟು ಗೊತ್ತಿದೆಯೋ ಅದಕ್ಕಿಂತ ಹೆಚ್ಚು ಅಪ್ಪನಿಗೆ ಅಡಿಕೆಯ ಬಗ್ಗೆ ಗೊತ್ತಿತ್ತು. "ಈ ವರ್ಷದ ರಾಶಿ ಒಳ್ಳೇದು" ಎಂದು ಅವರು ಹೇಳಿದರೆ ಆ ಮಾತಿನಲ್ಲಿ ಸುಳ್ಳಿರುತ್ತಿರಲಿಲ್ಲ.

ಹಾಗಾದರೆ ವಿಮರ್ಶೆ ಬರೆಯಲು ಕೂತವನಿಗೆ ಕೈ ತಡೆದದ್ದೇಕೆ?

ಪೀಟರ್ ಗೀಚ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1956ರಲ್ಲಿ ಒಂದು ಚಿಕ್ಕ ಪ್ರಬಂಧ ಬರೆದ. 'ಒಳ್ಳೆಯ' ಎಂಬ ಮಾತು 'ಕೆಂಪು' ಎಂಬ ಮಾತಿನ ಹಾಗಲ್ಲ ಎನ್ನುವುದು ಅವನ ವಾದ. ಕೆಂಪು ಕಾರು ಎಂದರೆ ಅದು ಕಾರು ಹೌದು, ಕೆಂಪೂ ಹೌದು. ಎರಡನ್ನೂ ಬಿಡಿಸಿ ಹೇಳಬಹುದು. ಒಳ್ಳೆಯ ಕತ್ತಿ ಎಂದರೆ ಹಾಗೆ ಬಿಡಿಸಲಾಗದು. ಕತ್ತಿಯಾಗಿ ಅದು ಒಳ್ಳೆಯದು, ಅಷ್ಟೇ. ಒಳ್ಳೆಯ ಕಳ್ಳ ಎಂದಾಗ ಅವನು ಒಳ್ಳೆಯ ಮನುಷ್ಯ ಎಂದು ಯಾರೂ ತಿಳಿಯುವುದಿಲ್ಲ. ಈ ಲೆಕ್ಕದಲ್ಲಿ ಒಳ್ಳೆಯ ಅಡಿಕೆ ಎಂದರೆ ಅಡಿಕೆಯಾಗಿ ಒಳ್ಳೆಯದು. ಅಪ್ಪ ಹೇಳಿದ್ದೂ ಅದನ್ನೇ. ತೊಂದರೆ ಬರುವುದು ಕೇಳುವವನಲ್ಲಿ. ತಿನ್ನುವ ವಸ್ತುವಿನ ಬಗ್ಗೆ 'ಒಳ್ಳೆಯದು' ಎಂದು ಹೇಳಿದ ಕೂಡಲೇ ಆ ಮಾತು ಜಾರಿ 'ನಿನಗೆ ಒಳ್ಳೆಯದು' ಎಂಬ ಕಡೆಗೆ ಹೋಗುತ್ತದೆ. ಒಳ್ಳೆಯ ಅಕ್ಕಿ, ಒಳ್ಳೆಯ ಹಾಲು, ಒಳ್ಳೆಯ ಬೆಲ್ಲ ಎಂದು ಹೇಳಿ ಅಭ್ಯಾಸವಾದ ನಾಲಿಗೆ ನಮ್ಮದು. ಅವುಗಳ ಸಾಲಿನಲ್ಲೇ ಅಡಿಕೆಯೂ ಕೂತುಬಿಟ್ಟಿದೆ. ಮದುವೆಗೆ ಕರೆಯಲು, ಮಾತು ಕೊಡಲು, ದೇವರ ಮುಂದಿಡಲು ಎಲೆ ಅಡಿಕೆ ಬೇಕು. ಹೀಗಿರುವಾಗ ಅನುಮಾನಕ್ಕೆ ಜಾಗವೆಲ್ಲಿ?

ಕಾನೂನು ಈ ಅನುಮಾನ ತೀರಿಸಬಹುದು ಎಂದುಕೊಂಡರೆ ಅದೂ ತೀರಿಸುವುದಿಲ್ಲ. 1893–94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಯೋಗವೊಂದು ಇಡೀ ಭಾರತ ಸುತ್ತಿ, ಮಿತವಾದ ಭಂಗಿ, ಗಾಂಜಾ ಸೇವನೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಪೂರ್ತಿ ನಿಷೇಧ ಬೇಡ ಎಂದು ವರದಿ ಕೊಟ್ಟಿತ್ತು. 1961ರ ಅಂತರರಾಷ್ಟ್ರೀಯ ಒಪ್ಪಂದದ ಹಿಂದೆಯೇ 1985ರಲ್ಲಿ ನಮ್ಮ ಮಾದಕವಸ್ತು ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂವಿನ ತುದಿ. ತುದಿಯಿಂದ ಬೇರೆಯಾದ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಒಂದೇ ಗಿಡದ ಎಲೆಗೊಂದು ನ್ಯಾಯ, ಹೂವಿಗೊಂದು ನ್ಯಾಯ. ಜೋಳದ ಸಾಲಿನ ನಡುವೆ ಆ ಗಿಡ ಬೆಳೆಸಿದವನಿಗೆ ಹತ್ತು ವರ್ಷದವರೆಗೂ ಜೈಲಾಗಬಹುದು. ಪಕ್ಕದ ಹೊಲದಲ್ಲಿ ಅಡಿಕೆ ಬೆಳೆದವನಿಗೆ ಸಹಕಾರ ಸಂಘದಲ್ಲಿ ಸಾಲ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ತಂಬಾಕು ಇರುವ ಅಡಿಕೆಯನ್ನಷ್ಟೇ ಅಲ್ಲ, ಬರೀ ಅಡಿಕೆಯನ್ನೂ. ಅದೇ ಸಂಸ್ಥೆಯ ವಿಜ್ಞಾನಿಗಳು 2024ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು: 2022ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ ಬಾಯಿ ಕ್ಯಾನ್ಸರಿನಲ್ಲಿ ಸುಮಾರು 1,20,000 ಪ್ರಕರಣಗಳಿಗೆ ಅಗಿಯುವ ತಂಬಾಕು ಮತ್ತು ಅಡಿಕೆ ಕಾರಣ, ಅದರಲ್ಲಿ 83,000ಕ್ಕೂ ಹೆಚ್ಚು ಭಾರತದಲ್ಲೇ. ನಮ್ಮ ಕಡೆ ಇದಕ್ಕೆ ಸಿದ್ಧ ಉತ್ತರವಿದೆ: "ಅಜ್ಜ ತೊಂಬತ್ತರ ತನಕ ಎಲೆ ಅಡಿಕೆ ಹಾಕಿದ್ದ, ಏನೂ ಆಗ್ಲಿಲ್ಲ. ಕೇಡು ಮಾಡೋದು ಗುಟ್ಕಾದಲ್ಲಿರೋ ತಂಬಾಕು." ಊಟವಾದ ಮೇಲೆ ಒಂದು ಹೋಳು ಹಾಕುವುದಕ್ಕೂ ದಿನಕ್ಕೆ ಹದಿನೈದು ಪೊಟ್ಟಣ ಹರಿಯುವುದಕ್ಕೂ ವ್ಯತ್ಯಾಸ ಇದ್ದೇ ಇದೆ, ಒಪ್ಪುತ್ತೇನೆ. ಆದರೆ ಅಜ್ಜನನ್ನು ಸಾಕ್ಷಿಗೆ ಕರೆದವರು ಮಾರುಕಟ್ಟೆಯನ್ನೂ ಕರೆಯಬೇಕು. ನಮ್ಮ ರಾಶಿಯಲ್ಲಿ ಅಜ್ಜಂದಿರ ಚಂಚಿಗೆ ಹೋಗುವುದು ಎಷ್ಟು? ಬಹುಪಾಲು ಉತ್ತರ ಭಾರತದ ಪಾನ್ ಮಸಾಲದ ಕಾರ್ಖಾನೆಗಳಿಗೇ ಹೋಗುತ್ತದೆ. ಅಡಿಕೆಗೆ ಒಳ್ಳೆಯ ಬೆಲೆ ಬರುತ್ತಿರುವುದು ತಾಂಬೂಲದ ತಟ್ಟೆಯಿಂದಲ್ಲ.

2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಮೇಲೆ ಅಂಗಡಿಗಳಲ್ಲಿ ಎರಡು ಪೊಟ್ಟಣ ತೂಗಿದವು: ಒಂದರಲ್ಲಿ ಪಾನ್ ಮಸಾಲ, ಒಂದರಲ್ಲಿ ತಂಬಾಕು. ಕೊಂಡವನು ಅಂಗೈಯಲ್ಲಿ ಬೆರೆಸಿಕೊಂಡ. ಕಾನೂನು ಪಾಲನೆಯಾಯಿತು, ಬಾಯಿಗೆ ಹೋದದ್ದು ಅದೇ.

ಈಗ ಒಬ್ಬ ಮನುಷ್ಯನ ವಿಷಯ ಹೇಳಬೇಕು. ನ್ಯಾಮತಿ ಕಡೆಯಿಂದ ನಮ್ಮ ತೋಟಕ್ಕೆ ಗೊನೆ ಕೊಯ್ಯಲು ಬರುತ್ತಿದ್ದವನು. ಒಂದು ಮರ ಹತ್ತಿದರೆ ನೆಲಕ್ಕಿಳಿಯದೆ ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟುತ್ತಿದ್ದ. ಹದಿನಾಲ್ಕರ ಹರೆಯದಿಂದ ಅವನ ದವಡೆಯಲ್ಲಿ ಏನಾದರೊಂದು ಇದ್ದೇ ಇರುತ್ತಿತ್ತು. ಹಸಿವು ಗೊತ್ತಾಗುವುದಿಲ್ಲ, ಮೈ ಬೆಚ್ಚಗಿರುತ್ತದೆ, ಮರದ ಮೇಲೆ ಕಣ್ಣು ಚುರುಕಾಗಿರುತ್ತದೆ ಎನ್ನುತ್ತಿದ್ದ. ಅವನು ಹೇಳಿದ್ದು ನಿಜ, ಅಡಿಕೆಯಲ್ಲಿರುವ ಅರಿಕೋಲಿನ್ ಮಾಡುವ ಕೆಲಸವೇ ಅದು. ನಲವತ್ತು ದಾಟುವ ಮೊದಲೇ ಅವನಿಗೆ ಖಾರ ತಿನ್ನಲು ಆಗದಾಯಿತು, ಆಮೇಲೆ ಬಾಯಿ ತೆರೆಯುವುದೇ ಕಷ್ಟವಾಯಿತು. ಕೆನ್ನೆಯ ಒಳಗಿನ ಚರ್ಮ ಗಟ್ಟಿಯಾಗಿ ಪಟ್ಟಿಯ ಹಾಗೆ ಬಿಗಿಯುವ ರೋಗ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಆರೋಗ್ಯವಂತರ ಬಾಯಿ ಸಾಮಾನ್ಯವಾಗಿ ಅಷ್ಟು ತೆರೆಯುತ್ತದೆ. ಅವನದ್ದು ಒಂದು ಬೆರಳಿಗೆ ಬಂದು ನಿಂತಿತ್ತು. ಮುದ್ದೆ ನುಂಗುವುದಂತೂ ದೂರ, ಗಂಜಿ ಕುಡಿಯುವುದೇ ಕಷ್ಟವಾಗಿತ್ತು.

ನೋಡಲು ಹೋದಾಗ ನನ್ನ ಮುಖದಲ್ಲಿ ಏನು ಕಂಡನೋ, ಅವನೇ ಹಲ್ಲಿನ ಸಂದಿಯಿಂದ ಹೇಳಿದ: "ನಿಮ್ ಅಡಿಕೆ ಅಲ್ಲ ಬಿಡ್ರಿ ಅಣ್ಣಾರೆ. ಪ್ಯಾಕೆಟ್ಟಿಂದು."

ಇಷ್ಟು ವರ್ಷ ನನ್ನನ್ನು ಕಾಡಿದ್ದು ಆ ಮಾತು. ಅವನು ನಮ್ಮನ್ನು ಬಿಡುಗಡೆ ಮಾಡಿದ್ದ. ಆದರೆ ಪ್ಯಾಕೆಟ್ಟಿನೊಳಗಿದ್ದ ಅಡಿಕೆ ಯಾರದ್ದು? ಅವನೇ ಮರ ಹತ್ತಿ ಇಳಿಸಿದ ಗೊನೆ ನಮ್ಮ ಅಂಗಳದಲ್ಲಿ ಬೆಂದು, ಚೀಲ ಸೇರಿ, ಲಾರಿಯಲ್ಲಿ ಉತ್ತರಕ್ಕೆ ಹೋಗಿ, ಪುಡಿಯಾಗಿ, ಪೊಟ್ಟಣವಾಗಿ ನ್ಯಾಮತಿಯ ಗೂಡಂಗಡಿಗೆ ಮರಳಿರಲಿಕ್ಕಿಲ್ಲ ಎಂದು ಹೇಗೆ ಹೇಳಲಿ? ಮರಳಿತ್ತು ಎಂದೂ ಹೇಳಲಾಗದು. ಸಾವಿರಾರು ತೋಟದ ಅಡಿಕೆ ಒಂದಾಗಿ ಬೆರೆತ ಮೇಲೆ ಯಾವ ಬಾಯಿಗೆ ಯಾವ ತೋಟ ಎಂದು ಹುಡುಕಲಾಗದು. ಎಲ್ಲರದ್ದೂ ಆದ್ದರಿಂದ ಯಾರದ್ದೂ ಅಲ್ಲ ಎಂದು ನಾವು ನಿದ್ದೆ ಮಾಡುತ್ತೇವೆ. ಲೆಕ್ಕ ಇಡಲು ಆಗದಿದ್ದರೆ ಸಾಲ ತೀರಿತು ಎಂದು ಅರ್ಥವೇ?

ಇದರಿಂದ ಬೆಳೆಗಾರ ಪಾಪಿ ಎಂಬ ತೀರ್ಮಾನಕ್ಕೆ ಹಾರುವವನಲ್ಲ ನಾನು. ನನ್ನ ಕಾಲೇಜಿನ ಫೀಸು, ತಂಗಿಯ ಮದುವೆ, ಅಪ್ಪನ ಆಸ್ಪತ್ರೆ, ಎಲ್ಲಕ್ಕೂ ಬಂದದ್ದು ಆ ಅಂಗಳದ ದುಡ್ಡು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಭತ್ತದ ಗದ್ದೆಗಳಲ್ಲಿ ಈಗ ಅಡಿಕೆ ಸಸಿ ಎದ್ದಿದ್ದರೆ ಅದು ದುರಾಸೆಯಿಂದಲ್ಲ. ಭತ್ತದ ಬೆಲೆಯಲ್ಲಿ ಸಂಸಾರ ನಡೆಯುವುದಿಲ್ಲ. ವಯಸ್ಕ ಮನುಷ್ಯ ತನಗೆ ಬೇಕಾದ್ದನ್ನು ತಿನ್ನಲಿ, ತಡೆಯಲು ನೀನ್ಯಾರು ಎಂಬ ವಾದವನ್ನೂ ನಾನು ಗೌರವಿಸುತ್ತೇನೆ. ಆದರೆ ಆ ವಾದ ನಿಲ್ಲಬೇಕಾದರೆ ತಿನ್ನುವವನಿಗೆ ತಿಳಿದಿರಬೇಕು. ಕೆನಡಾದ ಗಾಂಜಾ ಪೊಟ್ಟಣದ ಮೇಲೆ ಹಳದಿ ಚೌಕದೊಳಗೆ ಎಚ್ಚರಿಕೆ ಇರುತ್ತದೆ, ಅಮಲಿನ ಅಂಶ ಎಷ್ಟೆಂದು ಬರೆದಿರುತ್ತದೆ. ಅಲ್ಲಿಯ ವಿಮರ್ಶಕ ನಕ್ಷತ್ರ ಕೊಡುವಾಗ ಉಳಿದ ಮಾತನ್ನು ಪೊಟ್ಟಣವೇ ಹೇಳಿಬಿಟ್ಟಿರುತ್ತದೆ. ನಮ್ಮಲ್ಲೂ ಸುಪಾರಿ ಪೊಟ್ಟಣದ ಮೇಲೆ ಆರೋಗ್ಯಕ್ಕೆ ಹಾನಿಕರ ಎಂದು ಅಚ್ಚು ಹಾಕಬೇಕೆಂಬ ನಿಯಮವಿದೆ. ಆದರೆ ಆ ಮಾತು ಶುರುವಾಗುವುದು ಮಾಲು ನಮ್ಮ ಊರು ದಾಟಿದ ಮೇಲೆ. ನಮ್ಮ ಅಂಗಳದಲ್ಲಿ, ಮಂಡಿಯಲ್ಲಿ, ಗೋಣಿಚೀಲದ ಮೇಲೆ ಇರುವುದು ದರ್ಜೆಯ ಹೆಸರು ಮಾತ್ರ. ಅಪ್ಪನ ವಿದ್ಯೆ ಅಡಿಕೆಯನ್ನು ಸೀಳಿ ಒಳಗನ್ನು ನೋಡಿತು, ಅದು ಹೋಗುವ ಬಾಯಿಯ ಒಳಗನ್ನು ನೋಡಲಿಲ್ಲ. ನೋಡಬೇಕೆಂದು ಯಾರೂ ಕಲಿಸಿರಲಿಲ್ಲ.

ನನಗೆ ಅನ್ನಿಸುವುದು ಇಷ್ಟು. ಗುಣ ಅಳೆಯುವ ಕಣ್ಣು ಇದ್ದವನು ಆ ಕಣ್ಣನ್ನು ಅರ್ಧಕ್ಕೆ ಮುಚ್ಚಬಾರದು. ಅಡಿಕೆ ಬೆಳೆಯುವುದು ತಪ್ಪೋ ಸರಿಯೋ ಎಂಬುದನ್ನು ಒಬ್ಬ ರೈತನ ತಲೆಯ ಮೇಲೆ ಹಾಕುವುದು ಅನ್ಯಾಯ. ಬೆಲೆ, ನೀರು, ಸಾಲ, ಸರ್ಕಾರ ಎಲ್ಲವೂ ಅದರಲ್ಲಿವೆ. ಆದರೆ ಗೊತ್ತಿರುವುದನ್ನು ಪೂರ್ತಿ ಹೇಳುವುದಕ್ಕೆ ಬೆಲೆಯೂ ಬೇಡ, ನೀರೂ ಬೇಡ. ಪೂರ್ತಿ ಹೇಳದ ಹೊಗಳಿಕೆ ಸುಳ್ಳಾಗದಿದ್ದರೂ ಮೋಸವಾಗುತ್ತದೆ.

ತಮ್ಮನಿಗೆ ವಿಮರ್ಶೆ ಬರೆದು ಕಳಿಸಿದೆ. ಬಣ್ಣ ಚೆನ್ನಾಗಿದೆ, ಒಣಗಿದ್ದು ಹದವಾಗಿದೆ, ಸೀಳಿದರೆ ಒಳಗೆರೆ ಸ್ವಚ್ಛ, ಒಗರು ಹಿತವಾಗಿದೆ, ನಾಲ್ಕು ನಿಮಿಷಕ್ಕೆ ಕಿವಿ ಬಿಸಿಯಾಗುತ್ತದೆ, ದಿನವೂ ಅಗಿದರೆ ಮೂರು ಬೆರಳಿನ ಬಾಯಿ ಒಂದು ಬೆರಳಿಗೆ ಬರಬಹುದು. ನಕ್ಷತ್ರ ಕೊಡಲಿಲ್ಲ.

ಜಗಳೂರಿನ ಅಳಿಯನಿಗೂ ಅದನ್ನೇ ಹೇಳಿದೆ. ಬೆಲೆ ಇದೆ, ಫಸಲು ಬರಲು ಐದಾರು ವರ್ಷ ಬೇಕು, ಅಷ್ಟು ದಿನ ನಿನ್ನ ಬೋರಿನಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ನೋಡು ಎಂದೆ. ನ್ಯಾಮತಿಯವನ ವಿಷಯವನ್ನೂ ಬಿಡದೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆಕ್ಕೆಜೋಳದಾಗ ಮಗಳ ಫೀಸು ಕಟ್ಟಾಕಾಗಲ್ಲ ಮಾವ" ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ಫೀಸು ಕಟ್ಟಿದ್ದು ಯಾವ ಬೆಳೆ ಎಂಬುದು ಅವನಿಗೂ ಗೊತ್ತು. ಅರ್ಧ ಎಕರೆಗೆ ಸಸಿ ಹಾಕುತ್ತಾನಂತೆ.