ಉತ್ತರಾಣಿ ಒರೆಸಿದ ಪಾಪ ಎಲ್ಲಿಗೆ?

ಉತ್ತರಾಣಿಯನ್ನು ಗುರುತಿಸಲು ನನಗೆ ಎಲೆ ಬೇಡ, ಸೀರೆಯ ಅಂಚು ಸಾಕು. ಗಣೇಶನ ಹಬ್ಬಕ್ಕೆ ಪತ್ರೆ ಕೀಳಲು ಬೇಲಿ ಬದಿಗೆ ಹೋದರೆ ತಾನಾಗಿ ಹತ್ತಿಕೊಳ್ಳುತ್ತದೆ. ಉದ್ದನೆಯ ತೆನೆ, ಕಾಯಿಗಳೆಲ್ಲ ಕೆಳಮುಖ. ಮೇಲಿನಿಂದ ಕೆಳಕ್ಕೆ ಸವರಿದರೆ ಸುಮ್ಮನಿರುತ್ತದೆ; ಕೆಳಗಿನಿಂದ ಮೇಲಕ್ಕೆ ಸವರಿ ನೋಡಿ, ಚುಚ್ಚುತ್ತದೆ.

ಪೂಜೆಯ 21 ಪತ್ರೆಗಳಲ್ಲಿ ಇದು ಅಪಾಮಾರ್ಗ. ಅಥರ್ವವೇದ ಈ ತಿರುವುಮುರುವು ಕಾಯಿಗಳನ್ನೇ ಹೊಗಳಿ, ಪಾಪವನ್ನು ಒರೆಸಿ, ಶಾಪಗಳನ್ನೆಲ್ಲ ನನ್ನಿಂದ ದೂರ ಅಟ್ಟು ಎಂದು ಬೇಡುತ್ತದೆ. ನನ್ನ ತಕರಾರು ಇಲ್ಲೇ. ದೂರ ಎಂದರೆ ಯಾರ ಮನೆಗೆ? ಸೀರೆಯಿಂದ ಕಿತ್ತೆಸೆದ ಕಾಯಿ ಬಿದ್ದಲ್ಲೇ ಮೊಳೆಯುತ್ತದಲ್ಲ! ಪುರೋಹಿತರನ್ನು ಕೇಳಿದರೆ, “ಮೊದಲು ಪತ್ರೆ ಕೊಡಿ ಅಮ್ಮಾ” ಎಂದರು. ಕೊಟ್ಟೆ. ಆದರೆ ನೆರೆಯವರ ಅಂಗಳಕ್ಕೆ ದಾಟಿಸಿದ ಪಾಪವನ್ನು ಕಳೆದ ಪಾಪ ಎಂದು ನಾನಂತೂ ಒಪ್ಪುವುದಿಲ್ಲ.